ಪಾವಗಡದ ಕಂದು ಹಲ್ಲಿಗೆ ಟ್ರೇ ಸಾಕಾಯಿತು

ಪಾವಗಡದ ಕಡೆ ಕ್ಲಿನಿಕ್ ಇಟ್ಟವರಿಗೆ ಕಂದು ಹಲ್ಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಬೋರ್‌ವೆಲ್ ನೀರು ಕುಡಿದು ಬೆಳೆದ ಯಾರದ್ದಾದರೂ ಬಾಯಿ ತೆರೆಸಿದರೆ ಕಾಣುತ್ತದೆ. ಆ ನೀರಿನ ಫ್ಲೋರೈಡ್ ಮಾಡುವ ಕೆಲಸ ಅದು, ಹೆಸರು ಫ್ಲೋರೋಸಿಸ್. ಬರುವುದು ಹಲ್ಲು ನೋವಿಗೆ. ದುಡ್ಡು ಕೊಟ್ಟು ಎದ್ದು, ಬಾಗಿಲ ಹತ್ತಿರ ಹೋಗಿ ನಿಂತು, ಮೆಲ್ಲಗೆ ಕೇಳುತ್ತಾರೆ: "ಸಾರ್, ಈ ಕಲೆ ಹೋಗ್ತದಾ?"

ಇವರಿಗೆ ಹಲ್ಲು ಬಿಳಿ ಮಾಡುವ ಹತ್ತು ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಕೊಟ್ಟು, ಅದನ್ನು ತುಂಬಿದ ಟ್ರೇ (ಹಲ್ಲಿನ ಅಚ್ಚಿಗೆ ತಕ್ಕ ತೆಳು ಪ್ಲಾಸ್ಟಿಕ್ ಕವಚ) ರಾತ್ರಿ ಹಾಕಿಸುತ್ತೇನೆ ಅಂದಾಗ ಬೆಂಗಳೂರಿನ ನನ್ನ ಬ್ಯಾಚ್‌ಮೇಟ್ ನಕ್ಕುಬಿಟ್ಟ. "ಫ್ಲೋರೋಸಿಸ್‌ಗೆ ಟ್ರೇನಾ? ವೆನೀರ್ ಹಾಕಿ ಕೈ ತೊಳ್ಕೊಳ್ಳೋ." ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ. ಆರು ಹಲ್ಲಿಗೆ ಅಂದರೆ ಐವತ್ತು ಸಾವಿರದ ಮಾತು. ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೂ ಶುರುವಿನಲ್ಲಿ ಸಿಕ್ಕಿದ್ದು ಎಕರೆಗೆ ವರ್ಷಕ್ಕೆ 21 ಸಾವಿರ. ಎರಡೂವರೆ ಎಕರೆಯ ಒಂದು ವರ್ಷದ ದುಡ್ಡನ್ನು ಬಾಯಿಗೆ ಹಾಕು ಅಂತ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಹೇವುಡ್ ಮತ್ತು ಹೇಮನ್ 1989ರಲ್ಲಿ ನೈಟ್‌ಗಾರ್ಡ್ ಬ್ಲೀಚಿಂಗ್, ಅಂದರೆ ಇದೇ ರಾತ್ರಿ ಟ್ರೇಯ ಬಗ್ಗೆ ಬರೆದದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದವರೇ. ಆಮೇಲೆ ಟೆಟ್ರಾಸೈಕ್ಲಿನ್ ಔಷಧಿಯಿಂದ ಕಲೆಯಾದ ಹಲ್ಲಿಗೆ ಆರು ತಿಂಗಳವರೆಗೂ ಟ್ರೇ ಹಾಕಿಸಿದ್ದನ್ನೂ ಓದಿದ್ದೇವೆ. ಹಾಗಿದ್ದರೆ ಕಂದು ಫ್ಲೋರೋಸಿಸ್ ಎರಡು ವಾರಕ್ಕೆ ಬಗ್ಗಲಿಲ್ಲ ಅಂತ ಕೈಬಿಡುವುದು ಯಾವ ನ್ಯಾಯ? ನನ್ನ ವಾದ ಇಷ್ಟೇ ಇತ್ತು. ಅದನ್ನು ಮಾಡಿ ತೋರಿಸುವಷ್ಟರಲ್ಲಿ ಕೈ ಸುಟ್ಟುಕೊಂಡಿದ್ದು ಮಾತ್ರ ಬಹಳ.

ಮೊದಲನೆಯದು ಹಲ್ಲು ಬಿಳಿ ಮಾಡುವ ನೀಲಿ ಲೈಟಿನ ಮೆಷಿನ್. ನಲವತ್ತು ಸಾವಿರ ಚಿಲ್ಲರೆ ಕೊಟ್ಟು ತಂದೆ. ಕುರ್ಚಿಯ ಮೇಲೇ ಒಂದು ಗಂಟೆಯ ಕೆಲಸ, ಎದ್ದಾಗ ಹಲ್ಲು ಒಣಗಿ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು, ರೋಗಿಗೂ ಖುಷಿ, ನನಗೂ ಖುಷಿ. ತಿಂಗಳೊಳಗೆ ಕಂದು ಮತ್ತೆ ಇಣುಕಿತು. ಮೊಬೈಲ್ ಅಂಗಡಿಯ ಹುಡುಗನೊಬ್ಬ ಮೂರು ರಾತ್ರಿ ಜುಮ್ಮೆನ್ನುವ ಹಲ್ಲು ಹಿಡಿದುಕೊಂಡು ಕೂತವನು, ನಾಲ್ಕನೇ ದಿನ ಅವರಪ್ಪನನ್ನೂ ಕರೆದುಕೊಂಡು ಬಂದ. ಅರ್ಧ ದುಡ್ಡು ವಾಪಸ್ ಕೊಟ್ಟೆ. ಮೆಷಿನ್ ಮೇಲೆ ಈಗ ಟವೆಲ್ ಒಣಗುತ್ತದೆ.

ಆಮೇಲೆ ಟ್ರೇಗೆ ಬಂದೆ. ಲ್ಯಾಬಿನವರು ಗಟ್ಟಿ ಶೀಟಿನಲ್ಲಿ ಮಾಡಿ ಕಳಿಸಿದ ಮೊದಲ ಐದಾರು ಟ್ರೇಗಳು ಒಸಡು ಕೊರೆದವು. ಒಂದಕ್ಕೆ ಆರುನೂರು ಬೇರೆ. ಕೊನೆಗೆ ಸುಮಾರು ಹದಿನಾಲ್ಕು ಸಾವಿರಕ್ಕೆ ಶೀಟನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಎಳೆಯುವ ಒಂದು ವ್ಯಾಕ್ಯೂಮ್ ಫಾರ್ಮರ್ ತಂದು ಮೆತ್ತನೆಯ ಶೀಟಿನಲ್ಲಿ ನಾನೇ ಎಳೆಯಲು ಶುರು ಮಾಡಿದೆ. ಈಗ ಅಚ್ಚು ತೆಗೆಯುವ ಆಲ್ಜಿನೇಟ್, ಅಚ್ಚಿಗೆ ಸುರಿಯುವ ಸ್ಟೋನ್ ಪುಡಿ, ಶೀಟ್, ಕರೆಂಟು ಎಲ್ಲ ಸೇರಿ ಒಂದು ಟ್ರೇಗೆ ಇನ್ನೂರು ದಾಟುವುದಿಲ್ಲ. ಶೀಟಿನ ದಪ್ಪ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ. ಜೆಲ್ ನಿಲ್ಲಲು ಟ್ರೇಯೊಳಗೆ ಬಿಡುವ ಜಾಗ, ಅಂದರೆ ರಿಸರ್ವಾಯರ್, ಬೇಕೋ ಬೇಡವೋ ಎಂಬ ಜಗಳಕ್ಕೂ ಬರುವುದಿಲ್ಲ. ನಾನು ಕಂದು ಇರುವ ಹಲ್ಲಿಗೆ ಮಾತ್ರ ಇಡುತ್ತೇನೆ, ಅಷ್ಟೇ.

ಟ್ರೇ ಸರಿಯಾಯಿತು, ಬಣ್ಣ ಮಾತ್ರ ಕದಲಲಿಲ್ಲ. ಆ ಬೇಸಿಗೆಯಲ್ಲಿ ನಾಲ್ಕು ಜನರಿಗೆ ಎರಡು ತಿಂಗಳು ಹಾಕಿಸಿದರೂ ಹಲ್ಲಿನ ಬಣ್ಣದ ಅಳತೆಯಲ್ಲಿ ಎ3.5 ಹೋಗಿ ಒಂದು ಮೆಟ್ಟಿಲು ತಿಳಿಯಾದ ಎ3 ಕೂಡ ಆಗಲಿಲ್ಲ. "ನೀವು ಸರಿಯಾಗಿ ಹಾಕಿಕೊಳ್ತಿಲ್ಲ" ಅಂತ ಅವರನ್ನೇ ಗದರಿದೆ. ಅದರಲ್ಲಿ ಒಬ್ಬರು ಶಾಲೆಯ ಮೇಡಂ, ನಕ್ಕಾಗಲೆಲ್ಲ ಸೆರಗು ಬಾಯಿಗೆ ಹೋಗುತ್ತಿತ್ತು. "ಒಂದು ರಾತ್ರಿನೂ ಬಿಟ್ಟಿಲ್ಲ ಡಾಕ್ಟ್ರೇ" ಎಂದು ಕಣ್ಣೀರು ಹಾಕಿದರು. ಅವತ್ತು ಮಧ್ಯಾಹ್ನ ಮನೆಯಲ್ಲಿ ಪಲ್ಯಕ್ಕೆ ಆಲೂಗಡ್ಡೆ ಹೆಚ್ಚುತ್ತಿದ್ದರು. ಏನು ತೋಚಿತೋ, ಹಸಿ ಹೋಳಿನ ಮೇಲೆ ಅವರಿಗೆ ಕೊಟ್ಟ ಬಾಕ್ಸಿನ ಜೆಲ್ ಒಂದಿಷ್ಟು ಹಿಂಡಿದೆ. ಸುಮ್ಮನೆ ಕೂತಿತ್ತು. ಫ್ರಿಜ್‌ನಲ್ಲಿದ್ದ ಹಳೇ ಸಿರಿಂಜಿನದ್ದನ್ನು ಪಕ್ಕದ ಹೋಳಿಗೆ ಹಾಕಿದರೆ ನಿಮಿಷದೊಳಗೆ ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆಯಾಯಿತು. ನೊರೆ ಬಂದರೆ ಜೆಲ್‌ಗೆ ಜೀವ ಇದೆ ಅಂತ ಅರ್ಥ. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಗೋಡೌನಿನಲ್ಲಿ ವಾರಗಟ್ಟಲೆ ಬಿದ್ದಿದ್ದ ಆ ಬಾಕ್ಸ್ ಪೂರ್ತಿ ಸತ್ತಿತ್ತು. ಸುಮಾರು ಹನ್ನೊಂದು ಸಾವಿರ ಚರಂಡಿಗೆ ಹೋಯಿತು. ಅಂದಿನಿಂದ ಹೊಸ ಬ್ಯಾಚ್ ಬಂದರೆ ಮೊದಲು ಆಲೂಗಡ್ಡೆ, ಆಮೇಲೆ ರೋಗಿ. ಬೇಸಿಗೆಯಲ್ಲಿ ನಾನೇ ಬೆಂಗಳೂರಿಗೆ ಹೋಗಿ ಐಸ್ ಡಬ್ಬದಲ್ಲಿ ತರುತ್ತೇನೆ. ಮೇಡಂಗೆ ಮೊದಲಿನಿಂದ ಪುಕ್ಕಟೆ ಮಾಡಿಕೊಟ್ಟೆ.

ಜೋರು ಕೊಟ್ಟರೆ ಬೇಗ ಆಗಬಹುದೆಂದು ಹದಿನಾರು ಪರ್ಸೆಂಟನ್ನೂ ನೋಡಿದೆ. ಬೇಗ ಆಗುತ್ತದೆ ನಿಜ, ಆದರೆ ಜುಮ್ಮೆಂದು ಹತ್ತರಲ್ಲಿ ನಾಲ್ಕು ಜನ ಅರ್ಧಕ್ಕೇ ನಿಲ್ಲಿಸಿದರು. ಈಗ ಹತ್ತು ಪರ್ಸೆಂಟೇ. ಜುಮ್ಮೆಂದವರು ಆ ರಾತ್ರಿ ಜೆಲ್ ಬಿಟ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನೇ ಟ್ರೇಯಲ್ಲಿ ಹಾಕಿ ಅರ್ಧ ಗಂಟೆ ಇಟ್ಟುಕೊಳ್ಳಬೇಕು.

ಆಟ ತಿರುಗಿದ್ದು ದುಡ್ಡಿನ ಲೆಕ್ಕದಲ್ಲಿ. ಮೊದಲೆಲ್ಲ ಆರು ಸಾವಿರ ಒಟ್ಟಿಗೆ ತೆಗೆದುಕೊಂಡು ನಾಲ್ಕು ಸಿರಿಂಜ್ ಕೈಗೆ ಕೊಡುತ್ತಿದ್ದೆ. ಒಬ್ಬಳು ತಂಗಿಗೂ ಪಾಲು ಕೊಟ್ಟಳು. ತಂಗಿ ಟ್ರೇ ಇಲ್ಲದೆ ಬೆರಳಲ್ಲಿ ತಿಕ್ಕಿ ಒಸಡು ಬೆಳ್ಳಗೆ ಸುಟ್ಟುಕೊಂಡು ಬಂದಳು. ಇನ್ನೊಬ್ಬ ಟ್ರೇಯನ್ನು ಕುದಿವ ನೀರಲ್ಲಿ ತೊಳೆದು ಮುರುಟಿಸಿಕೊಂಡ. ಈಗ ಟ್ರೇ, ಕ್ಲೀನಿಂಗ್, ಮೊದಲ ಸಿರಿಂಜ್ ಸೇರಿ ಎರಡೂವರೆ ಸಾವಿರ. ಆಮೇಲೆ ಖಾಲಿ ಸಿರಿಂಜ್ ತಂದು ತೋರಿಸಿದರೆ ಮಾತ್ರ ಏಳುನೂರಕ್ಕೆ ಇನ್ನೊಂದು. ಹತ್ತು ದಿನಕ್ಕೊಮ್ಮೆ ಬರುತ್ತಾರೆ, ನಾನು ಬಾಯಿ ನೋಡುತ್ತೇನೆ, ಬಣ್ಣ ಹೋಲಿಸುವ ಶೇಡ್ ಟ್ಯಾಬ್ ಹಿಡಿದು ಕಿಟಕಿ ಬೆಳಕಲ್ಲಿ ಫೋಟೋ ತೆಗೆಯುತ್ತೇನೆ. ಒಮ್ಮೆ ಎದುರಂಗಡಿಯವನು ನೀಲಿ ಟಾರ್ಪಾಲು ಕಟ್ಟಿ, ಎರಡು ವಾರ ಎಲ್ಲರ ಹಲ್ಲೂ ನನಗೆ ಬೆಳ್ಳಗೇ ಕಂಡಿದ್ದವು!

ಮೇಲಿನ ಸಾಲನ್ನು ಮಾತ್ರ ಮೊದಲು ಮಾಡಿಸುತ್ತೇನೆ. ಕೆಳಗಿನದು ಕಂದಾಗೇ ಇರುವುದರಿಂದ ಮೂರನೇ ವಾರಕ್ಕೆ ಅವರೇ ಕನ್ನಡಿಯಲ್ಲಿ ವ್ಯತ್ಯಾಸ ನೋಡಿಕೊಳ್ಳುತ್ತಾರೆ. ಬಿಳಿ ಮಚ್ಚೆ ಮೊದಲ ವಾರ ಇನ್ನೂ ಎದ್ದು ಕಾಣುತ್ತದೆ ಎಂದು ಮುಂಚೆಯೇ ಹೇಳದಿದ್ದರೆ ಫೋನಿನ ಮೇಲೆ ಫೋನು. ಗಟ್ಟಿ ಕಂದಿಗೆ ಜೆಲ್ ಶುರು ಮಾಡುವ ಮುಂಚೆ ಹಲ್ಲು ಉಜ್ಜುವ ಪ್ಯೂಮಿಸ್ ಪುಡಿಯ ಜೊತೆ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ನಾಲ್ಕು ವರ್ಷದಲ್ಲಿ ನಲವತ್ತರ ಹತ್ತಿರ ಜನ ಆಗಿರಬೇಕು. ಮೂವತ್ತು ಜನರಲ್ಲಿ ಕಂದು ಮಾತಾಡುವ ದೂರಕ್ಕೆ ಕಾಣದಷ್ಟು ಹೋಗಿದೆ, ಹೆಚ್ಚಿನವರಿಗೆ ಎರಡರಿಂದ ಮೂರು ತಿಂಗಳು ಹಿಡಿಯಿತು. ಗುಳಿ ಬಿದ್ದ ಹಲ್ಲಿಗೆ ಟ್ರೇ ಸಾಲದು, ಬ್ಲೀಚಿಂಗ್ ಮುಗಿದು ಎರಡು ವಾರ ಬಿಟ್ಟು ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ಹಾಕಿದ್ದೇನೆ. ಆತುರಕ್ಕೆ ಮೂರನೇ ದಿನವೇ ಹಾಕಿದ ಒಂದು ಫಿಲ್ಲಿಂಗ್, ಮುದ್ದೆ ತಿನ್ನುವಾಗ ಕಿತ್ತು ಬಂತು, ಅದು ಬೇರೆ ಕಥೆ.

ಮೇಡಂ ಮೊನ್ನೆ ಬಂದಿದ್ದರು. ಮೂರು ವರ್ಷದ ಹಿಂದಿನ ಟ್ರೇ, ಸ್ಟೀಲಿನ ಕುಂಕುಮದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದರು. ಹಾಕಿ ನೋಡಿದೆ, ಇನ್ನೂ ಬಿಗಿಯಾಗಿ ಕೂರುತ್ತದೆ. ಒಂದು ಸಿರಿಂಜ್ ಕೊಟ್ಟು, ಐದು ರಾತ್ರಿ ಸಾಕು ಎಂದೆ. ಏಳುನೂರು ಮೇಜಿನ ಮೇಲಿಟ್ಟರು. ಈ ಸಲ ಬೇಡ ಅನ್ನಲಿಲ್ಲ.