ನರ್ಸಿಂಗ್ ಸೀಟಿಗೆ ಓದುವವರೇ, ಮೊದಲು ನಿಮ್ಮ ನಾಡಿ ಹಿಡಿಯಿರಿ

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗಳು ಶಿರಸಿಯಿಂದ ಅಂಕೋಲಾಕ್ಕೆ, ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಬಿಎಸ್ಸಿ ನರ್ಸಿಂಗ್ ಮಾಡಬೇಕೆಂಬ ಆಸೆ. ಬ್ಯಾಗಿನಿಂದ ಜೀವಶಾಸ್ತ್ರದ ನೋಟ್ಸ್ ತೆಗೆದು ತೋರಿಸಿದಳು. ಮುತ್ತಿನಂಥ ಅಕ್ಷರ, ನಾಲ್ಕು ಬಣ್ಣದ ಪೆನ್ನು, ಪುಟಕ್ಕೆ ಇಪ್ಪತ್ತು ಹೆಸರು.

"ಅಕ್ಕ, ಎಲ್ಲ ಬಾಯಿಪಾಠ ಆಗಿದೆ. ಆದರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಏನೂ ಹೊಳೆಯೋದಿಲ್ಲ" ಅಂದಳು.

ಪುಸ್ತಕ ಮುಚ್ಚಿಡಿಸಿ, ನಿನ್ನ ನಾಡಿ ಎಲ್ಲಿದೆ ತೋರಿಸು ಅಂದೆ. ಹೆಬ್ಬೆರಳಿನಿಂದ ಮಣಿಕಟ್ಟನ್ನೆಲ್ಲ ಒತ್ತಿ ಹುಡುಕಿದಳು, ಸಿಗಲಿಲ್ಲ. ಹೃದಯದ ಅಧ್ಯಾಯ ಪೂರ್ತಿ ಬಾಯಿಗೆ ಬರುತ್ತಿತ್ತು, ಕೈಗೆ ಮಾತ್ರ ಬಂದಿರಲಿಲ್ಲ. ನಾನು ನರ್ಸ್ ಕೆಲಸ ಮಾಡುವವಳು, ಹಾಗಾಗಿ ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಆಮೇಲೆ ಕಲಿಯೋಣ, ಮೊದಲು ದಾರಿ ಕಲಿಯೋಣ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಗಾಳಿ ಎಲ್ಲಿಂದ ಎಲ್ಲಿಗೆ, ನೀರು ಎಲ್ಲಿಂದ ಎಲ್ಲಿಗೆ. ದಾರಿ ಗೊತ್ತಿದ್ದವರಿಗೆ ಊರುಗಳ ಹೆಸರು ತಾನಾಗಿಯೇ ನೆನಪಿರುತ್ತದೆ, ಅಲ್ವಾ?

ಏನು ಓದಬೇಕು

ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಹಂಚಿಕೆ ಆಗುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಜೀವಶಾಸ್ತ್ರದಲ್ಲಿ 60 ಪ್ರಶ್ನೆ, 80 ನಿಮಿಷ, ಒಂದಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮನುಷ್ಯನ ದೇಹದ ಪಾಠ ಹೆಚ್ಚಿನದು ಇರುವುದು ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದ ಕೊನೆಯಲ್ಲಿ: ಉಸಿರಾಟ, ರಕ್ತ ಪರಿಚಲನೆ, ವಿಸರ್ಜನೆ, ಚಲನೆ, ನರಮಂಡಲ, ಹಾರ್ಮೋನು. ಸಂತಾನೋತ್ಪತ್ತಿ ಮತ್ತು ರೋಗಗಳ ಪಾಠ ದ್ವಿತೀಯ ಪಿಯುಸಿಯಲ್ಲಿ. ತೊಂದರೆ ಆಗುವುದು ಇಲ್ಲೇ. ಸೆಕೆಂಡ್ ಪಿಯು ಶುರುವಾದ ಮೇಲೆ ಹಳೆಯ ಪುಸ್ತಕ ಅಟ್ಟ ಸೇರುತ್ತದೆ, ಇಲ್ಲವೇ ಪಕ್ಕದ ಮನೆಯ ಹುಡುಗನ ಪಾಲಾಗುತ್ತದೆ. ದಯವಿಟ್ಟು ಅದನ್ನು ಯಾರಿಗೂ ಕೊಡಬೇಡಿ. ಜೀರ್ಣಕ್ರಿಯೆಯ ಅಧ್ಯಾಯವನ್ನು ಹೊಸ ಪುಸ್ತಕದಿಂದ ತೆಗೆದಿದ್ದಾರೆ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಕಾಣುತ್ತದೆ. ನಿಮ್ಮ ವರ್ಷದ ಸಿಲೆಬಸ್ ಕೆಇಎ ಪ್ರಕಟಿಸಿದ್ದನ್ನೇ ನೋಡಿ ನಿರ್ಧರಿಸಿ. ಹೇಗೂ ನರ್ಸಿಂಗ್ ಮೊದಲ ವರ್ಷದಲ್ಲಿ ಅದನ್ನು ಓದಲೇಬೇಕು.

ನಾಡಿಯಿಂದ ಶುರು

ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಡಿ. ಮೆತ್ತಗೆ ಒತ್ತಿ. ಹೆಬ್ಬೆರಳು ಬೇಡ, ಅದಕ್ಕೆ ಅದರದೇ ಬಡಿತ ಇರುತ್ತದೆ, ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಒಂದು ನಿಮಿಷ ಪೂರ್ತಿ ಎಣಿಸಿ. ಪುಸ್ತಕದಲ್ಲಿ ಸರಾಸರಿ 72 ಅಂತ ಇದೆ, ನಿಮ್ಮದು 68 ಇರಬಹುದು, 80 ಇರಬಹುದು. ಆಮೇಲೆ ಮೆಟ್ಟಿಲು ಹತ್ತಿ ಇಳಿದು ಮತ್ತೆ ಎಣಿಸಿ.

ಈಗ ಲೆಕ್ಕ. ಒಂದು ಬಡಿತಕ್ಕೆ ಹೃದಯದ ಒಂದು ಕುಕ್ಷಿ, ಅಂದರೆ ಕೆಳಗಿನ ಕೋಣೆ, ಹೊರಗೆ ತಳ್ಳುವ ರಕ್ತ ಸುಮಾರು 70 ಮಿಲಿಲೀಟರ್. 72 ಸಲ ತಳ್ಳಿದರೆ 5040, ಅಂದರೆ ನಿಮಿಷಕ್ಕೆ 5 ಲೀಟರ್. ಕಾರ್ಡಿಯಾಕ್ ಔಟ್‌ಪುಟ್ ಅನ್ನುವುದು ಇಷ್ಟೇ. ಬೆರಳಡಿ ಬಡಿತ ಎಣಿಸಿ ಮಾಡಿದ ಲೆಕ್ಕ ಮರೆತುಹೋಗುವುದಿಲ್ಲ.

ಅಪ ಮತ್ತು ಅಭಿ

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಹೆಸರುಗಳ ಭಯ ಜಾಸ್ತಿ. ನನಗೂ ಇತ್ತು. ಆದರೆ ನಮ್ಮ ಹೈಸ್ಕೂಲ್ ಪುಸ್ತಕದ ಪದಗಳು ಎಷ್ಟು ಸಹಾಯ ಮಾಡುತ್ತವೆ ಅಂತ ನಮಗೇ ಗೊತ್ತಿರುವುದಿಲ್ಲ. ಆರ್ಟರಿಗೆ ಅಪಧಮನಿ, ವೇನ್‌ಗೆ ಅಭಿಧಮನಿ. ಎರಡೂ ಒಂದೇ ಥರ ಕೇಳಿಸುತ್ತವೆ ಅಂತ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಪದ ಒಡೆದು ನೋಡಿ. ಅಪಹರಣ ಅಂದರೆ ದೂರ ಒಯ್ಯುವುದು. ಅಭಿಮುಖ ಅಂದರೆ ಕಡೆಗೆ ಮುಖ ಮಾಡುವುದು. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಶುದ್ಧ ರಕ್ತ, ಅಶುದ್ಧ ರಕ್ತ ಅಂತ ನೆನಪಿಟ್ಟುಕೊಂಡವರು ಶ್ವಾಸಕೋಶದ ಹತ್ತಿರ ಎಡವುತ್ತಾರೆ, ಯಾಕೆಂದರೆ ಪಲ್ಮನರಿ ಆರ್ಟರಿಯಲ್ಲಿ ಹೋಗುವುದು ಆಮ್ಲಜನಕ ಕಡಿಮೆ ಇರುವ ರಕ್ತ. ಪ್ರಶ್ನೆ ತೆಗೆಯುವವರಿಗೆ ಈ ಜಾಗ ಬಹಳ ಇಷ್ಟ.

ಒಂದು ಪುಟ್ಟ ನೋಟ್‌ಬುಕ್ ಇಡಿ. ಒಂದು ಬದಿ ಇಂಗ್ಲಿಷ್ ಹೆಸರು ಕನ್ನಡ ಲಿಪಿಯಲ್ಲಿ, ಇನ್ನೊಂದು ಬದಿ ಕನ್ನಡ ಪದ, ಕೆಳಗೆ ಬೇರು. ನೆಫ್ರೋ ಅಂದರೆ ಮೂತ್ರಪಿಂಡ, ಹೆಪಾಟೋ ಅಂದರೆ ಯಕೃತ್ತು, ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ. ನೆಫ್ರೈಟಿಸ್, ಹೆಪಟೈಟಿಸ್ ಎರಡೂ ಆಗ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕುಮಟಾ ಬಸ್‌ಸ್ಟ್ಯಾಂಡ್

ಹೃದಯಕ್ಕೆ ಎರಡು ದಾರಿ. ನಾನು ತಂಗಿಗೆ ಹೇಳಿದ್ದು ಹೀಗೆ: ಒಂದು ಬಸ್ಸು ಕುಮಟಾದಿಂದ ಗೋಕರ್ಣಕ್ಕೆ ಹೋಗಿ ವಾಪಸ್ ಬಂತು. ಅದೇ ಬಸ್ಸು ಆಮೇಲೆ ದೇವಿಮನೆ ಘಾಟ್ ಹತ್ತಿ ಶಿರಸಿಗೆ ಹೋಗಿ ವಾಪಸ್ ಕುಮಟಾಕ್ಕೆ ಬಂತು. ಗೋಕರ್ಣದ್ದು ಹತ್ತಿರದ ಟ್ರಿಪ್, ಅದು ಶ್ವಾಸಕೋಶ. ಶಿರಸಿಯದ್ದು ಘಾಟ್ ಟ್ರಿಪ್, ಅದು ಇಡೀ ದೇಹ. ಘಾಟ್ ಹತ್ತಿಸುವ ಎಂಜಿನ್ ಗಟ್ಟಿ ಇರಬೇಕಲ್ವಾ? ಅದಕ್ಕೇ ಎಡ ಹೃತ್ಕುಕ್ಷಿಯ ಗೋಡೆ ದಪ್ಪ.

ಈಗ ಒಂದು ಹನಿ ರಕ್ತದ ಹಿಂದೆ ಹೋಗಿ. ದೇಹದಿಂದ ಬಂದು ಬಲ ಹೃತ್ಕರ್ಣ (ಮೇಲಿನ ಕೋಣೆ), ಟ್ರೈಕಸ್ಪಿಡ್ ಕವಾಟ ದಾಟಿ ಬಲ ಹೃತ್ಕುಕ್ಷಿ, ಅಲ್ಲಿಂದ ಪಲ್ಮನರಿ ಆರ್ಟರಿ, ಶ್ವಾಸಕೋಶ, ಪಲ್ಮನರಿ ವೇನ್, ಎಡ ಹೃತ್ಕರ್ಣ, ಬೈಕಸ್ಪಿಡ್ ಕವಾಟ, ಎಡ ಹೃತ್ಕುಕ್ಷಿ, ಅಯೋರ್ಟಾ, ಮತ್ತೆ ದೇಹ. ಕಾಗದ ನೋಡದೆ ಮೂರು ಸಲ ಹೇಳಿ. ಆಮೇಲೆ ಮಧ್ಯದಿಂದ ಶುರು ಮಾಡಿ. ಆಮೇಲೆ ಕೊನೆಯಿಂದ ಮೊದಲಿಗೆ. ತಿರುಗಿಸಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಬರುವುದು ಈ ಮೂರನೆಯ ಅಭ್ಯಾಸದಿಂದ.

ಒಂದು ಎಚ್ಚರಿಕೆ. ಚಿತ್ರದಲ್ಲಿ ನಿಮ್ಮ ಎಡಕ್ಕೆ ಕಾಣುವುದು ಹೃದಯದ ಬಲಭಾಗ. ನಾನು ಪಿಯುಸಿಯಲ್ಲಿದ್ದಾಗ ಇಡೀ ಚಿತ್ರ ಚೆನ್ನಾಗಿ ಬರೆದು, ಹೆಸರೆಲ್ಲ ಎಡಬಲ ಅದಲುಬದಲು ಮಾಡಿದ್ದೆ, ಆ ಪ್ರಶ್ನೆಯ ಅಂಕ ಪೂರ್ತಿ ಹೋಯಿತು. ಅವತ್ತು ತುಂಬ ಅತ್ತಿದ್ದೆ. ಆಮೇಲೆ ಕಲಿತ ಉಪಾಯ ಇದು: ಪುಸ್ತಕವನ್ನು ತೆರೆದು ಚಿತ್ರ ಹೊರಗೆ ಮುಖ ಮಾಡುವಂತೆ ನಿಮ್ಮ ಎದೆಗೆ ಒತ್ತಿ ಹಿಡಿಯಿರಿ. ಚಿತ್ರದ ಬಲ, ನಿಮ್ಮ ಬಲ ಎರಡೂ ಒಂದೇ ಕಡೆ ಬರುತ್ತವೆ.

ಮನೆಯಲ್ಲಿ ಮಾಂಸ ತರುವವರಾದರೆ ಒಂದು ಕೆಲಸ ಮಾಡಿ. ಮಟನ್ ಅಂಗಡಿಯಲ್ಲಿ ಕುರಿಯ ಇಡೀ ಹೃದಯ ಕೇಳಿ, ಮೇಲಿನ ನಳಿಗೆ ಕತ್ತರಿಸಬೇಡಿ ಅನ್ನಿ. ಮನೆಗೆ ತಂದು ತೊಳೆದು ಎರಡೂ ಬದಿ ಒತ್ತಿ ನೋಡಿ. ಗಟ್ಟಿ ಇರುವ ಬದಿ ಎಡ, ಮೆತ್ತಗಿರುವುದು ಬಲ. ಕತ್ತರಿಸುವ ಮೊದಲು ದಪ್ಪ ನಳಿಗೆಯೊಳಗೆ, ಅಂದರೆ ಅಯೋರ್ಟಾದೊಳಗೆ, ಮೆಲ್ಲಗೆ ನೀರು ಹೊಯ್ಯಿರಿ. ನೀರು ಕೆಳಗೆ ಇಳಿಯದೆ ನಿಲ್ಲುತ್ತದೆ. ಬಗ್ಗಿ ನೋಡಿದರೆ ಮೂರು ಪುಟ್ಟ ಬಟ್ಟಲು ಒಂದಕ್ಕೊಂದು ತಾಗಿ ಮುಚ್ಚಿಕೊಂಡಿರುತ್ತವೆ. ಅದೇ ಸೆಮಿಲೂನಾರ್ ಕವಾಟ. ಅವು ಮುಚ್ಚಿಕೊಳ್ಳುವಾಗಲೇ ಎದೆಯಲ್ಲಿ 'ಡಬ್' ಅನ್ನುವ ಎರಡನೆಯ ಸದ್ದು. ಮೊದಲಿನ 'ಲಬ್' ಟ್ರೈಕಸ್ಪಿಡ್, ಬೈಕಸ್ಪಿಡ್ ಮುಚ್ಚುವಾಗಿನದು. ಆಮೇಲೆ ಎಡ ಬದಿ ಸೀಳಿ. ಒಳಗೆ ಬಿಳಿ ದಾರಗಳು ಕವಾಟವನ್ನು ಹಿಡಿದುಕೊಂಡಿರುತ್ತವೆ, ಥೇಟ್ ಬಲೆಯ ಎಳೆಗಳ ಹಾಗೆ. ಎಳೆದು ನೋಡಿ, ಸುಮ್ನೆ ಹರಿಯುವುದಿಲ್ಲ. ಮಾಂಸ ತರದ ಮನೆಯವರು ಕಾಲೇಜಿನ ಲ್ಯಾಬಿನಲ್ಲಿರುವ ಮಾಡೆಲ್ ಬಿಚ್ಚಿ ಜೋಡಿಸಲು ಲೆಕ್ಚರರ್ ಹತ್ತಿರ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಉಸಿರು ಮತ್ತು ರಕ್ತ

ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ತೆಗೆದುಕೊಳ್ಳಿ. ಕೈ ಮೇಲೆ ಬರುತ್ತದೆ. ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ವಪೆ, ಸಂಕುಚಿಸಿ ಕೆಳಗೆ ಇಳಿದು ಹೊಟ್ಟೆಯನ್ನು ತಳ್ಳಿದ್ದಕ್ಕೆ ಹಾಗೆ. ಎದೆಗೂಡು ದೊಡ್ಡದಾಯಿತು, ಒಳಗಿನ ಒತ್ತಡ ಕಡಿಮೆಯಾಯಿತು, ಗಾಳಿ ನುಗ್ಗಿತು. ಈ ಕ್ರಮ ಅದಲುಬದಲಾದರೆ ಉತ್ತರವೂ ತಪ್ಪು. ಒಂದು ಸಾಮಾನ್ಯ ಉಸಿರಿಗೆ 500 ಮಿಲಿಲೀಟರ್ ಗಾಳಿ. ಎಷ್ಟೇ ಊದಿದರೂ 1100ರಿಂದ 1200 ಮಿಲಿಲೀಟರ್ ಒಳಗೇ ಉಳಿಯುತ್ತದೆ, ಅದು ರೆಸಿಡ್ಯುಯಲ್ ವಾಲ್ಯೂಮ್. ಇಂಗಾಲದ ಡೈಆಕ್ಸೈಡ್ ಸುಮಾರು 70 ಶೇಕಡ ಬೈಕಾರ್ಬೊನೇಟ್ ಆಗಿ ಸಾಗುತ್ತದೆ. ಈ ಸಂಖ್ಯೆಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ.

ರಕ್ತದಲ್ಲಿ ಕೆಂಪುಕಣದ ಆಯಸ್ಸು 120 ದಿನ, ಆಮೇಲೆ ಗುಲ್ಮದಲ್ಲಿ ನಾಶ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ಮೂರೂವರೆ ಲಕ್ಷ, ಒಂದು ಘನ ಮಿಲಿಮೀಟರಿಗೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರಿನವರಿಗೆ ಪ್ಲೇಟ್‌ಲೆಟ್ ಯಾಕೆ ಬೇಕು ಅಂತ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬರುತ್ತದೆ. ಹೆಪ್ಪುಗಟ್ಟುವ ಪಾಠ ಓದುವಾಗ ಇದನ್ನು ನೆನಪು ಮಾಡಿಕೊಳ್ಳಿ.

ಅಪ್ಪೆಮಿಡಿ ಮತ್ತು ಮೂತ್ರಪಿಂಡ

ಎಲ್ಲರೂ ಹೆದರುವ ಪಾಠ ಇದು. ತಂಗಿ ಅಂತೂ ನೆಫ್ರಾನ್, ಅಂದರೆ ಮೂತ್ರಪಿಂಡದೊಳಗಿನ ಸೋಸುವ ಪುಟ್ಟ ನಳಿಗೆ, ಅದರ ಚಿತ್ರ ನೋಡಿ ಪುಟವನ್ನೇ ತಿರುಗಿಸಿಬಿಡುತ್ತಿದ್ದಳು. ಮೊದಲು ಲೆಕ್ಕ ಮಾಡಿಸಿದೆ. ಎರಡೂ ಮೂತ್ರಪಿಂಡ ಸೇರಿ ನಿಮಿಷಕ್ಕೆ 125 ಮಿಲಿಲೀಟರ್ ಸೋಸುತ್ತವೆ. ದಿನಕ್ಕೆ 180 ಲೀಟರ್, ಅಂದರೆ 15 ಲೀಟರ್ ಹಿಡಿಯುವ ಕೊಡದಲ್ಲಿ 12 ಕೊಡ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್. ಉಳಿದ ನೀರು ಎಲ್ಲಿ ಹೋಯಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ "ವಾಪಸ್ ರಕ್ತಕ್ಕೆ?" ಅಂದಳು. ಸರಿ, ಈ ಪಾಠದ ಅರ್ಧ ಅಲ್ಲೇ ಮುಗಿಯಿತು. ನೂರರಲ್ಲಿ 99 ಪಾಲು ವಾಪಸ್.

ಹೇಗೆ ವಾಪಸ್ ಎಂಬುದಕ್ಕೆ ನಿಮ್ಮ ಮನೆಯ ಉಪ್ಪಿನಕಾಯಿ ಭರಣಿ ನೆನಪಿಸಿಕೊಳ್ಳಿ. ಆಯಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುತ್ತಾಳೆ. ಒಂದು ತೊಟ್ಟು ನೀರು ಹಾಕುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮಿಡಿ ಸುಕ್ಕುಗಟ್ಟಿ, ಭರಣಿಯಲ್ಲಿ ನೀರು ನಿಂತಿರುತ್ತದೆ. ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಎಳೆಯಿತು. ಮೂತ್ರಪಿಂಡದ ಒಳಭಾಗ, ಮೆಡುಲ್ಲಾ, ಅಂಥದೇ ಭರಣಿ. ಆಳಕ್ಕೆ ಹೋದಷ್ಟೂ ಉಪ್ಪು ಜಾಸ್ತಿ, 300ರಿಂದ 1200 ಮಿಲಿಆಸ್ಮೋಲ್‌ವರೆಗೆ. ನೆಫ್ರಾನಿನ ಬಾಗಿದ ಭಾಗವೇ ಹೆನ್ಲೆಯ ಕುಣಿಕೆ, ಅದರ ಇಳಿಯುವ ಕಾಲು ಆ ಉಪ್ಪಿನೊಳಗೆ ಇಳಿಯುತ್ತದೆ, ಅಲ್ಲಿ ನೀರು ಹೊರಗೆ ಹೋಗುತ್ತದೆ. ಏರುವ ಕಾಲಿನಿಂದ ನೀರು ಹೋಗುವುದಿಲ್ಲ, ಉಪ್ಪು ಮಾತ್ರ ಹೋಗುತ್ತದೆ, ಭರಣಿಗೆ ಉಪ್ಪು ಹಾಕುವವರು ಅವರೇ. ಮೇ ತಿಂಗಳ ಸೆಕೆಯಲ್ಲಿ ಕಾರವಾರದಲ್ಲಿ ಬೆವರು ಸುರಿದಾಗ ಮೂತ್ರ ಕಡಿಮೆ, ಬಣ್ಣ ಹಳದಿ. ಎಡಿಎಚ್ ಹಾರ್ಮೋನು ಜಾಸ್ತಿ ಬಂದು ಸಂಗ್ರಾಹಕ ನಾಳದಿಂದಲೂ ನೀರನ್ನು ವಾಪಸ್ ಎಳೆಸುತ್ತದೆ. ಹೀಗೆ ಹಾರ್ಮೋನಿನ ಪಾಠವೂ ಇಲ್ಲೇ ಶುರುವಾಗುತ್ತದೆ. ಉಳಿದ ಹಾರ್ಮೋನುಗಳಿಗೆ ಒಂದೇ ಪುಟ ಸಾಕು: ಯಾವ ಗ್ರಂಥಿ, ಏನು ಮಾಡುತ್ತದೆ, ಜಾಸ್ತಿಯಾದರೆ ಏನು, ಕಡಿಮೆಯಾದರೆ ಏನು.

ಮೂಳೆ

ಇದಕ್ಕೆ ಒಂದು ಸಂಜೆ ಸಾಕು. ನಿಮ್ಮ ಕೈಯನ್ನೇ ಎಣಿಸಿ. ಬೆರಳಿಗೆ ಮೂರರಂತೆ, ಹೆಬ್ಬೆರಳಿಗೆ ಎರಡು, ಒಟ್ಟು 14. ಅಂಗೈಯಲ್ಲಿ 5, ಮಣಿಕಟ್ಟಿನಲ್ಲಿ 8, ಮುಂಗೈಯಲ್ಲಿ 2, ತೋಳಿನಲ್ಲಿ 1. ಒಂದು ಕೈಗೆ 30, ಒಂದು ಕಾಲಿಗೂ 30. ಭುಜದ 4, ಸೊಂಟದ 2 ಸೇರಿಸಿದರೆ 126. ತಲೆ, ಬೆನ್ನು, ಎದೆಯ 80 ಸೇರಿ 206. ತಲೆ ಬಗ್ಗಿಸಿ ಕತ್ತಿನ ಬುಡ ಮುಟ್ಟಿದರೆ ಸಿಗುವ ಉಬ್ಬು ಸಾಮಾನ್ಯವಾಗಿ ಕತ್ತಿನ ಏಳನೆಯ ಕಶೇರು, ಅಂದರೆ ಬೆನ್ನೆಲುಬಿನ ಮಣಿ. ಜಿರಾಫೆಯ ಕತ್ತಿನಲ್ಲೂ ಏಳೇ.

ಕರೆಂಟ್ ಹೋದಾಗ, ಪರೀಕ್ಷೆ ಬಂದಾಗ

ಜುಲೈ ಮಳೆಗೆ ಕರೆಂಟ್ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ಅವತ್ತು ಓದಿದ ದಾರಿಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ, ಕೊಂಕಣಿಯಲ್ಲೋ, ಹವ್ಯಕ ಕನ್ನಡದಲ್ಲೋ, ಮನೆಯಲ್ಲಿ ಆಡುವ ಮಾತಿನಲ್ಲಿ. ಅವರು "ಮತ್ತೆ ಯಾಕೆ ಹಂಗೆ?" ಅಂದಾಗ ನೀವು ತಡವರಿಸಿದರೆ, ಪುಸ್ತಕದಲ್ಲಿ ಮತ್ತೆ ನೋಡಬೇಕಾದ ಜಾಗ ಅದೇ.

ಜನವರಿಯಿಂದ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟು ಬಿಡಿಸಿ. ತಪ್ಪಾದದ್ದನ್ನು ಎರಡು ಗುಂಪು ಮಾಡಿ: ಸಂಖ್ಯೆ ಮರೆತದ್ದು, ದಾರಿ ತಪ್ಪಿದ್ದು. ಸಂಖ್ಯೆಗೆ ಒಂದು ಚೀಟಿ ಬರೆದು ಕನ್ನಡಿಗೆ ಅಂಟಿಸಿ. ದಾರಿ ತಪ್ಪಿದ್ದಕ್ಕೆ ಚಿತ್ರವನ್ನು ಖಾಲಿ ಹಾಳೆಯಲ್ಲಿ ಮೊದಲಿನಿಂದ ಬರೆಯಿರಿ, ಪುಸ್ತಕ ನೋಡದೆ. ಪರೀಕ್ಷೆಯ ದಿನ ಗೊತ್ತಿರುವುದನ್ನೆಲ್ಲ ಮೊದಲು ಮುಗಿಸಿ, ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ, ಒಂದು ಪ್ರಶ್ನೆಯನ್ನೂ ಉತ್ತರ ಗುರುತಿಸದೆ ಖಾಲಿ ಬಿಡಬೇಡಿ.