ಮಡಚುವ ಕ್ಷೌರದ ಕತ್ತಿ: ಬಳಸುವುದು ಹೇಗೆ, ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಳೆಯ ಮನೆಗಳ ಅಟ್ಟ ಗುಡಿಸುವಾಗ ತಾತನ ಕಾಲದ ಪೆಟ್ಟಿಗೆಯಲ್ಲಿ ಮಡಚುವ ಕ್ಷೌರದ ಕತ್ತಿ ಸಿಗುವುದುಂಟು. ಅಲಗಿನ ಬುಡದಲ್ಲಿ ಶೆಫೀಲ್ಡ್ ಎಂದೋ ಸೋಲಿಂಗೆನ್ ಎಂದೋ ಬರೆದಿರುತ್ತದೆ. ಒಂದು ಇಂಗ್ಲೆಂಡಿನ ಊರು, ಇನ್ನೊಂದು ಜರ್ಮನಿಯದು. ಕತ್ತಿ ಕೆಲಸಕ್ಕೆ ಎರಡೂ ಹೆಸರುವಾಸಿ. ಅದನ್ನು ಕೈಯಲ್ಲಿ ಹಿಡಿದವರಿಗೆ ಇದರಲ್ಲೇ ಶೇವ್ ಮಾಡಿಕೊಂಡರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ. ಒಳ್ಳೆಯ ಆಸೆಯೇ. ಚೆನ್ನಾಗಿ ನೋಡಿಕೊಂಡ ಕತ್ತಿ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಪ್ಲಾಸ್ಟಿಕ್ ರೇಜರ್‌ಗಳು ಕಸದ ಬುಟ್ಟಿ ಸೇರುವುದೂ ತಪ್ಪುತ್ತದೆ.

ಆದರೆ ಕಲಿಯುವವರ ಗಮನವೆಲ್ಲ ಕೆನ್ನೆ ಮೇಲೆ ಕತ್ತಿ ಹೇಗೆ ಆಡಿಸಬೇಕು ಎಂಬುದರ ಮೇಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಮ್ಮ ಕಡೆ ಕತ್ತಿ ಹಾಳಾಗುವುದು ಡಬ್ಬಿಯೊಳಗೆ. ಹಾಗಾಗಿ ಒರೆಸಿ ಇಡುವುದನ್ನು ಮೊದಲು ಕಲಿಯಿರಿ ಎನ್ನುತ್ತೇನೆ. ಶೇವ್ ಆಮೇಲೆ ತಾನಾಗೇ ಬರುತ್ತದೆ.

ಕತ್ತಿ ಆರಿಸುವಾಗ

ಸಲೂನ್‌ಗಳಲ್ಲಿ ಈಗ ಕಾಣುವುದು ಅರ್ಧ ಬ್ಲೇಡ್ ಮುರಿದು ಸಿಕ್ಕಿಸುವ ಕತ್ತಿ. ಒಬ್ಬರಿಗೆ ಬಳಸಿದ ಬ್ಲೇಡ್ ಎಸೆದು ಇನ್ನೊಬ್ಬರಿಗೆ ಹೊಸದು ಹಾಕುತ್ತಾರೆ. ಅದು ಸರಿಯೇ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತದಿಂದ ಹರಡುತ್ತವೆ, ಕಣ್ಣಿಗೆ ಕಾಣದಷ್ಟು ರಕ್ತ ಕತ್ತಿಯ ಮೇಲೆ ಉಳಿಯಬಹುದು. ಬ್ಲೇಡ್ ಬದಲಿಸಲಾಗದ ಅಸಲಿ ಕತ್ತಿ ಅದಕ್ಕೇ ಒಬ್ಬರಿಗೆ ಒಂದು. ಅಪ್ಪ ಮಗ, ಅಣ್ಣ ತಮ್ಮ ಎಂದು ಹಂಚಿಕೊಳ್ಳುವುದು ಬೇಡ.

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುತ್ತಾರೆ. ಕಲಿಯುವವರಿಗೆ 5/8 ಅಥವಾ 6/8 ಸರಿ, ಅಂದರೆ ಸುಮಾರು 16ರಿಂದ 19 ಮಿಲಿಮೀಟರ್. ತುದಿ ದುಂಡಗಿರಲಿ. ಚೂಪು ಮೂಲೆಯದ್ದು ಕಿವಿ ಹತ್ತಿರ ಚುಚ್ಚುತ್ತದೆ.

ಅಟ್ಟದಲ್ಲಿ ಸಿಕ್ಕಿದ್ದನ್ನೇ ಬಳಸುವುದಾದರೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಮೇಲ್ಮೈ ಕಪ್ಪಗಿದ್ದರೆ ಚಿಂತೆಯಿಲ್ಲ, ತೆಳ್ಳಗಿನ ತುಕ್ಕು ಮೆಟಲ್ ಪಾಲಿಶ್‌ಗೆ ಹೋಗುತ್ತದೆ. ಹರಿತದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಥವಾ ತುಕ್ಕು ಅಂಚಿನವರೆಗೂ ಗುಳಿ ತೋಡಿದ್ದರೆ ಅದು ನೆನಪಿಗೆ ಇರಲಿ, ಮುಖಕ್ಕೆ ಬೇಡ. ಸರಿಯಿದ್ದರೆ ಸ್ವಚ್ಛಮಾಡಿ, ಸ್ಪಿರಿಟ್‌ನಲ್ಲಿ ಅಲಗು ಒರೆಸಿ. ಹಿಡಿಗೆ ಸ್ಪಿರಿಟ್ ತಾಗಿಸಬೇಡಿ. ಕುದಿಯುವ ನೀರಿಗೂ ಹಾಕಬೇಡಿ, ಹಳೆಯ ಕೊಂಬಿನ ಹಿಡಿ ಸೊಟ್ಟಗಾಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಸಾಣೆ ಹಿಡಿಯುವವರು ಮಚ್ಚು, ಕತ್ತರಿ, ಈಳಿಗೆಮಣೆಯನ್ನು ಚೆನ್ನಾಗಿಯೇ ಹರಿತ ಮಾಡುತ್ತಾರೆ. ಕ್ಷೌರದ ಕತ್ತಿಯನ್ನು ಮಾತ್ರ ಅವರಿಗೆ ಕೊಡಬೇಡಿ. ಇದರ ಅಂಚು ಬಹಳ ತೆಳು. ತಿರುಗುವ ಚಕ್ರದ ಬಿಸಿಗೆ ಉಕ್ಕಿನ ಗಡಸುತನ ಹೋಗುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಜಾಗ ಮತ್ತೆ ಹರಿತ ಹಿಡಿದು ನಿಲ್ಲುವುದಿಲ್ಲ. ಇದನ್ನು ಮಸೆಯುವುದು ಚಪ್ಪಟೆ ಕಲ್ಲಿನ ಮೇಲೆ, ನೀರು ಹಾಕಿ, ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ. ಪೂರ್ತಿ ಮೊಂಡಾದದ್ದಕ್ಕೆ 1000 ನಂಬರಿನ ಕಲ್ಲಿನಿಂದ ಶುರುಮಾಡಿ 4000, 8000, 12000 ಎಂದು ನುಣುಪಿಗೆ ಹೋಗುತ್ತಾರೆ. ಮೊದಲ ಸಲ ತಿಳಿದವರಿಂದಲೇ ಮಸೆಸಿ. ನಿಮ್ಮೂರಿನ ಹಿರಿಯ ಕ್ಷೌರಿಕರಲ್ಲಿ ಇನ್ನೂ ಕಲ್ಲು ಇಟ್ಟುಕೊಂಡವರಿದ್ದರೆ ಹತ್ತಿರ ಕೂತು ನೋಡಿ, ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಚರ್ಮದ ಪಟ್ಟಿ

ಕಲ್ಲು ವರ್ಷದಲ್ಲಿ ಕೆಲವೇ ಸಲ ಬೇಕು, ಚರ್ಮದ ಪಟ್ಟಿ ಪ್ರತಿ ಶೇವ್‌ಗೂ ಬೇಕು. ಕಿಟಕಿ ಸರಳಿಗೆ ಕೊಕ್ಕೆ ಹಾಕಿ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅಲಗನ್ನು ಪೂರ್ತಿ ಚಪ್ಪಟೆಯಾಗಿ ಮಲಗಿಸಿ ಬೆನ್ನು ಮುಂದೆ, ಹರಿತ ಹಿಂದೆ ಇರುವಂತೆ ಎಳೆಯಿರಿ. ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತನ್ನಿ. ಬೆನ್ನು ಚರ್ಮ ಬಿಟ್ಟು ಏಳಬಾರದು. ಹರಿತದ ಮೇಲೆ ಹೊರಳಿಸಿದರೆ ಪಟ್ಟಿ ಕತ್ತರಿಸುತ್ತದೆ, ಅಂಚೂ ಮಡಚುತ್ತದೆ. 40ರಿಂದ 60 ಸಲ ಹೋಗಿಬಂದರೆ ಸಾಕು. ಕೈ ಒತ್ತಬಾರದು, ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು ಹಗುರವಾಗಿರಲಿ. ಶುರುವಿನಲ್ಲಿ ವೇಗ ಬೇಡವೇ ಬೇಡ.

ಮುಖಕ್ಕೆ ಕತ್ತಿ

ಬಿಸಿನೀರು ಸ್ನಾನ ಆದಮೇಲೆ ಶುರುಮಾಡಿ. ನೀರು ಕುಡಿದ ಗಡ್ಡ ಮೆತ್ತಗಾಗುತ್ತದೆ. ಸೋಪಿನ ನೊರೆಯನ್ನು ಬ್ರಷ್‌ನಿಂದ ಎರಡು ಮೂರು ನಿಮಿಷ ತಿಕ್ಕಿ. ಬಾಗಿಲು ಹಾಕಿಕೊಳ್ಳಿ, ಮಕ್ಕಳು ಓಡಿಬಂದು ಕೈ ತಟ್ಟಬಾರದು. ಫೋನ್ ಹೊರಗಿರಲಿ. ಬೇಸಿನ್‌ನಲ್ಲಿ ಒಂದು ಟವೆಲ್ ಹಾಸಿ. ಕತ್ತಿ ಜಾರಿದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದಿಟ್ಟು ಬೀಳಲು ಬಿಡಿ.

ಹಿಡಿಯುವ ಕ್ರಮ ಹೀಗೆ: ಅಲಗಿಗೂ ಹಿಡಿಗೂ ನಡುವಿನ ಕುತ್ತಿಗೆಯ ಮೇಲೆ ಮೂರು ಬೆರಳು, ಕೆಳಗೆ ಹೆಬ್ಬೆರಳು, ಹಿಂದಿನ ಬಾಲದ ಮೇಲೆ ಕಿರುಬೆರಳು. ಹಿಡಿ ಮೇಲಕ್ಕೆ ತೆರೆದಿರುತ್ತದೆ. ಇನ್ನೊಂದು ಕೈಯಿಂದ ಕಿವಿ ಮುಂದಿನ ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆಯಿರಿ. ಸಲೂನ್‌ನವರ ಎಡಗೈ ಗಮನಿಸಿದ್ದೀರಾ? ಅದು ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಅರ್ಧ ಕೆಲಸ ಆ ಕೈಯದ್ದೇ.

ಅಲಗನ್ನು ಮೊದಲು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ. ಆಮೇಲೆ ಬೆನ್ನನ್ನು ಅದರ ದಪ್ಪದ ಒಂದೂವರೆಯಷ್ಟು ಮೇಲೆತ್ತಿ. ಅಲ್ಲಿಗೆ ಸುಮಾರು 30 ಡಿಗ್ರಿ ಆಯಿತು. ಜಾಸ್ತಿ ಎತ್ತಿದರೆ ಕೊಯ್ಯುತ್ತದೆ, ಪೂರ್ತಿ ಮಲಗಿಸಿದರೆ ಕೂದಲು ಕೀಳುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ ಗಿಡ್ಡ ಗಿಡ್ಡ ಎಳೆತ, ಒಂದೆರಡು ಸೆಂಟಿಮೀಟರ್ ಅಷ್ಟೇ. ಹರಿತವಿದ್ದರೆ ಸಣ್ಣಗೆ ಚರಚರ ಸದ್ದು ಕೇಳುತ್ತದೆ. ಎಳೆದಂತೆ ಉರಿದರೆ ನಿಲ್ಲಿಸಿ ಮತ್ತೆ ಪಟ್ಟಿಗೆ ಹೋಗಿ. ಯಾವ ಕಾರಣಕ್ಕೂ ಅಲಗನ್ನು ಅದರ ಉದ್ದಕ್ಕೆ ಅಡ್ಡಡ್ಡ ಜಾರಿಸಬಾರದು. ಆಳವಾದ ಗಾಯಗಳು ಆಗುವುದು ಹಾಗೆಯೇ.

ಮೊದಲ ಒಂದೆರಡು ವಾರ ಎರಡು ಕೆನ್ನೆ ಮಾತ್ರ. ಉಳಿದದ್ದನ್ನು ಮಾಮೂಲಿ ರೇಜರ್‌ನಲ್ಲಿ ಮುಗಿಸಿ. ಕೈ ಕೂತಮೇಲೆ ಕುತ್ತಿಗೆ, ಕೊನೆಗೆ ಗದ್ದ ಮತ್ತು ಮೇಲ್ದುಟಿ. ಕುತ್ತಿಗೆಯ ಕೂದಲು ಹಲವರಿಗೆ ಅಡ್ಡಕ್ಕೋ ಮೇಲಕ್ಕೋ ಬೆಳೆದಿರುತ್ತದೆ, ಹಿಂದಿನ ದಿನವೇ ಬೆರಳಾಡಿಸಿ ದಿಕ್ಕು ತಿಳಿದುಕೊಳ್ಳಿ. ಕೂದಲಿಗೆ ಎದುರಾಗಿ ಕತ್ತಿ ಓಡಿಸುವುದಕ್ಕೆ ಆತುರ ಬೇಡ.

ಸಣ್ಣ ಗಾಯಕ್ಕೆ ತಣ್ಣೀರು, ಒದ್ದೆ ಮಾಡಿದ ಪಟಿಕದ ಕಲ್ಲು ಸಾಕು. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಟಿಟಿ ಚುಚ್ಚಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಈ ಹವ್ಯಾಸ ಶುರುಮಾಡುವ ಮೊದಲೇ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕೈ ನಡುಗುವವರು ಇದಕ್ಕೆ ಕೈ ಹಾಕದಿರುವುದೇ ಕ್ಷೇಮ.

ಒರೆಸುವುದು, ಇಡುವುದು

ಅಲಗಿನ ಬೆನ್ನಿಂದ ಅಂಚಿನ ಕಡೆಗೆ ಒರೆಸಿ, ಅಂಚಿನ ಉದ್ದಕ್ಕೆ ಬಟ್ಟೆ ಎಳೆಯಬೇಡಿ. ಹಳೆ ಪಂಚೆಯ ಮೆತ್ತನೆ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಕಣ್ಣಿಗೆ ಒಣಗಿದಂತೆ ಕಂಡರೂ ನೀರು ಅಡಗಿ ಕೂರುವ ಜಾಗ ಒಂದಿದೆ. ಅದು ಹಿಡಿಯೂ ಅಲಗೂ ಸೇರುವ ಪಿನ್ನಿನ ಸಂದು. ಮಡಚಿದ ತಕ್ಷಣ ಆ ತೇವ ಹಿಡಿಯೊಳಗೆ ಹರಡಿ ಅಂಚಿನ ಬುಡದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಹುಟ್ಟುತ್ತದೆ. ಎರಡು ಮಳೆಗಾಲ ಹಾಗೇ ಬಿಟ್ಟರೆ ಅಲ್ಲಿ ಗುಳಿ. ಆದ್ದರಿಂದ ತೊಳೆಯುವಾಗ ಅಲಗಿಗೆ ಮಾತ್ರ ನೀರು ಹಾಕಿ, ಪಿನ್ ಒದ್ದೆ ಮಾಡಬೇಡಿ. ಸಂದಿಗೆ ಕಾಗದದ ಚೂರು ತೂರಿಸಿ ತೇವ ಹೀರಿಸಿ. ಪಟ್ಟಿಯ ಮೇಲೆ ಹತ್ತು ಸಲ ಎಳೆದು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಒಂದೆರಡು ಗಂಟೆ ತೆರೆದೇ ಇಟ್ಟು ಆಮೇಲೆ ಮಡಚಿ.

ಮಳೆಗಾಲದಲ್ಲಿ ಪ್ರತಿ ಸಲವೂ ಎಣ್ಣೆ ಬೇಕು. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು, ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಮನೆಯಲ್ಲಿದ್ದರೂ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ಬೆಳಗಿಗೆ ಅಷ್ಟು ಸಾಕಲ್ವಾ? ಹಳತಾದರೆ ಕಮಟು ವಾಸನೆ ಬೇರೆ. ಮುಂದಿನ ಶೇವ್‌ಗೆ ಮೊದಲು ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಪಟ್ಟಿ ಕೆಡುತ್ತದೆ. ಕಡೂರು, ಅರಸೀಕೆರೆಯಂಥ ಬಯಲುಸೀಮೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಡ, ವಾರಗಟ್ಟಲೆ ಬಳಸದೆ ಇಡುವಾಗ ಹಚ್ಚಿದರೆ ಆಯಿತು. ಸ್ಟೇನ್‌ಲೆಸ್ ಉಕ್ಕಿನದ್ದಾದರೂ ಒರೆಸುವುದು ತಪ್ಪಿಸಬೇಡಿ, ತುಕ್ಕು ನಿಧಾನವಾಗಿ ಅದಕ್ಕೂ ಬರುತ್ತದೆ.

ಜಾಗದ ವಿಚಾರ. ಬಚ್ಚಲುಮನೆಯ ಗೂಡು ಬೇಡ. ಬೆಚ್ಚಗಿರುತ್ತದೆ ಎಂದು ಹಂಡೆ ಒಲೆಯ ಪಕ್ಕ ಇಡುವುದೂ ಬೇಡ, ಅಲ್ಲಿ ಹಬೆ ಇದೆ. ಮಲಗುವ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇಡಿ, ಬೀಗದ ಕೈ ಮಕ್ಕಳಿಗೆ ಸಿಗದಿರಲಿ. ಚರ್ಮದ ಚೀಲದಲ್ಲಿ ಇಟ್ಟರೆ ಚೀಲವೇ ತೇವ ಹಿಡಿದುಕೊಂಡು ಕತ್ತಿಗೆ ಕೊಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಸಾಕು. ನೀಲಿ ಕಾಳಿನ ಪೊಟ್ಟಣವಾದರೆ ಕಾಳು ಗುಲಾಬಿಯಾದಾಗ ಬದಲಿಸಿ. ಆದರೆ ಒದ್ದೆ ಕತ್ತಿಯನ್ನು ಬಿಗಿ ಡಬ್ಬಿಗೆ ಹಾಕುವುದಕ್ಕಿಂತ ಹೊರಗೆ ಬಿಡುವುದೇ ವಾಸಿ. ಪಟ್ಟಿಯನ್ನು ಬೇರೆ, ಗಾಳಿಯಾಡುವಲ್ಲಿ ನೇತುಹಾಕಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ.

ಹಳೆಯ ಕತ್ತಿಗಳ ಹಿಡಿ ಕೆಲವು ಸಲ ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್‌ನದ್ದು. ಅದು ಬೇಗ ಬೆಂಕಿ ಹಿಡಿಯುವ ವಸ್ತು. ಹಳತಾಗಿ ಕೆಟ್ಟಾಗ ಆಮ್ಲದ ಆವಿ ಬಿಡುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ಅಲಗು ತುಕ್ಕು ಹಿಡಿಯುತ್ತಲೇ ಇರುತ್ತದೆ. ಹಿಡಿ ಬಿರುಕು ಬಿಟ್ಟು ಕರ್ಪೂರದ ಜೊತೆ ಹುಳಿ ವಾಸನೆ ಬಂದರೆ ಆ ಕತ್ತಿಯನ್ನು ಉಳಿದವುಗಳಿಂದ ದೂರ ಇಟ್ಟು ಹಿಡಿ ಬದಲಾಯಿಸಿಕೊಳ್ಳಿ. ಪ್ರಯಾಣಕ್ಕೆ ಒಯ್ಯುವವರು ಮಡಚಿದ ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ, ಬಟ್ಟೆ ಸುತ್ತಿ ಚೀಲದ ನಡುವೆ ಇಡಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಡುವ ಲಗೇಜಿಗೆ ಹಾಕಬೇಕು.