ಮೋಲ್ಡ್ ಹಾಕುವ ಮುಂಚೆ ಹೊರಗಿನ ಎಂಜಿನಿಯರ್‌ಗೆ ತೋರಿಸಿ

ಮನೆ ಕಟ್ಟಿಸುತ್ತಿರುವ ಎಲ್ಲರಿಗೂ ಒಂದು ಮಾತು. ಕಂಟ್ರಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ಅವರಿಗೆ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನು ನೀವೇ ಫೀಸು ಕೊಟ್ಟು ಸೈಟಿಗೆ ಕರೆಸಿ. ದಿನಾ ಬರಬೇಕಿಲ್ಲ. ಪಾಯ, ಕಾಲಂ, ಮೋಲ್ಡ್ (ಛಾವಣಿಯ ಕಾಂಕ್ರೀಟ್ ಸ್ಲ್ಯಾಬ್) ಯಾವುದೇ ಇರಲಿ, ಕಾಂಕ್ರೀಟ್ ಬೀಳುವ ಮುಂಚೆ ಒಮ್ಮೆ ಬಂದು ನೋಡಲಿ. ಬಿದ್ದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ.

ನಮ್ಮ ಮನೆಯ ಮೋಲ್ಡಿನ ಹಿಂದಿನ ಸಂಜೆ ಬಂದವರು ಮೊದಲು ಮಾಡಿದ ಕೆಲಸ, ಕಂಬಿಯ ಕೆಳಗೆ ಬೆರಳು ತೂರಿಸಿ ನೋಡಿದ್ದು. ಅರ್ಧ ಭಾಗದಲ್ಲಿ ಬೆರಳೇ ಹೋಗಲಿಲ್ಲ. ಕಂಬಿ ಸೆಂಟ್ರಿಂಗ್ ಶೀಟಿನ (ಕಾಂಕ್ರೀಟ್ ಸುರಿಯಲು ಕೆಳಗೆ ಹಾಸುವ ತಗಡು) ಮೇಲೇ ಮಲಗಿತ್ತು. ಉಳಿದ ಕಡೆ ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರು! ಸ್ಲ್ಯಾಬಿಗೆ ಕನಿಷ್ಠ 20 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಬೇಕು. ಇಲ್ಲದಿದ್ದರೆ ತೇವ ತಗುಲಿ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಮುಂದೆ ಸೀಲಿಂಗ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೋಲ್ಡ್ ಎರಡು ದಿನ ಮುಂದಕ್ಕೆ ಹಾಕಿ ಎಲ್ಲ ಸರಿಮಾಡಿಸಿದೆವು. ಮೇಸ್ತ್ರಿಗೆ ಬೇಜಾರಾಯಿತು ನಿಜ, ಆದರೆ ಆ ಸೂರಿನಡಿ ಮಲಗುವವರು ನನ್ನ ಮಕ್ಕಳು.

ಕಾಂಕ್ರೀಟ್ ಹಾಕುವ ದಿನ, ಅದರ ಗಟ್ಟಿತನ ಪರೀಕ್ಷಿಸಲು 150 ಮಿ.ಮೀ. ಅಳತೆಯ ಆರು ಕ್ಯೂಬ್ (ಚೌಕ ಅಚ್ಚು) ತುಂಬಿಸಿ: ಮೂರು 7ನೇ ದಿನದ ಪರೀಕ್ಷೆಗೆ, ಮೂರು 28ನೇ ದಿನಕ್ಕೆ. ನಿಮ್ಮ ಕಣ್ಣೆದುರೇ ತಾರೀಖು ಬರೆಸಿ, ಲ್ಯಾಬಿಗೆ ನೀವೇ ಒಯ್ಯಿರಿ. ಸಲೀಸಾಗಿ ಹರಿಯಲೆಂದು ಮಿಕ್ಸರಿಗೆ ಹೆಚ್ಚು ನೀರು ಸುರಿಯುತ್ತಾರೆ, ಅದರಿಂದ ಕಾಂಕ್ರೀಟ್ ಬಲ ಕುಗ್ಗುತ್ತದೆ; ಅಲ್ಲೂ ಒಬ್ಬರು ನಿಂತಿರಲಿ.

ಅಗ್ರಿಮೆಂಟ್ ಇನ್ನೂ ಆಗಿಲ್ಲದಿದ್ದರೆ, ತಪಾಸಣೆ ಆಗದೆ ಕಾಂಕ್ರೀಟ್ ಹಾಕುವಂತಿಲ್ಲ ಎಂದು ಅದರಲ್ಲೇ ಬರೆಸಿಬಿಡಿ.